ಬುಕಾನನ್ ಸಾಹೇಬರ ಜೇಬಿನಲ್ಲಿ ಏನಿತ್ತು?

1800ನೇ ಇಸವಿ ಏಪ್ರಿಲ್ 23ರಂದು ಮದರಾಸಿನಿಂದ ಸ್ಕಾಟ್ಲೆಂಡಿನ ಒಬ್ಬ ಡಾಕ್ಟರು ಪ್ರಯಾಣ ಹೊರಟರು. ಹೆಸರು ಫ್ರಾನ್ಸಿಸ್ ಬುಕಾನನ್. ವೈದ್ಯರಾದರೂ ಅವರಿಗೆ ಗಿಡಮೂಲಿಕೆಗಳ ಹುಚ್ಚು ಹೆಚ್ಚು. ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ್ ತೀರಿಕೊಂಡು ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನು ಕರೆದು, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನೆಲ್ಲ ಸುತ್ತಿ ಅಲ್ಲಿ ಏನೇನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಬರೆದು ತರಲು ಕಳಿಸಿದ್ದರು. ಡಾಕ್ಟರು ನಮ್ಮ ಬೇತಮಂಗಲದ ಕಡೆಯಿಂದ ಮೈಸೂರು ಸೀಮೆಗೆ ಬಂದರು. ಬೆಂಗಳೂರು, ಶ್ರೀರಂಗಪಟ್ಟಣ ನೋಡಿ ಆದಮೇಲೆ ಜುಲೈ ತಿಂಗಳಲ್ಲಿ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ದಾರಿ ಹಿಡಿದರು. ಅವರು ಬರೆದಿಟ್ಟದ್ದು 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಯಿತು.

ಈ ಮೂರು ಸಂಪುಟಗಳ ಮರುಮುದ್ರಣ ಸ್ನೇಹಿತರೊಬ್ಬರ ಮನೆಯಲ್ಲಿತ್ತು. ಕಳೆದ ಚಳಿಗಾಲದಲ್ಲಿ ತಂದು, ದಿನಕ್ಕೆ ಹತ್ತು ಹದಿನೈದು ಪುಟದ ಲೆಕ್ಕದಲ್ಲಿ ಓದಿದೆ. ಕಣ್ಣು ಅದಕ್ಕಿಂತ ಹೆಚ್ಚು ಕೆಲಸ ಮಾಡುವುದಿಲ್ಲ. ಪ್ರವಾಸ ಕಥನ ಅಂದಮೇಲೆ ಬೆಟ್ಟ ಗುಡ್ಡ, ಸೂರ್ಯಾಸ್ತ, ಕಳ್ಳಕಾಕರ ಕಾಟ ಎಲ್ಲ ಇರುತ್ತದೆ ಅಂದುಕೊಂಡು ಕೂತರೆ, ಸಿಕ್ಕಿದ್ದು ರಾಗಿ. ಪುಟದ ಮೇಲೆ ಪುಟ ರಾಗಿ. ಹೊಲ ಎಷ್ಟು ಸಲ ಉಳುತ್ತಾರೆ, ಗೊಬ್ಬರ ಯಾವಾಗ ಹಾಕುತ್ತಾರೆ, ಎಷ್ಟು ಬೀಜಕ್ಕೆ ಎಷ್ಟು ಕಾಳು. ಕೊಳಗ, ಖಂಡುಗಗಳ ಲೆಕ್ಕ. ಕೆರೆ ಇದೆಯೇ, ಇದ್ದರೆ ನೀರು ಎಷ್ಟು ತಿಂಗಳು. ನೇಕಾರರು ಎಷ್ಟು, ಎಣ್ಣೆ ಗಾಣದವರು ಎಷ್ಟು. ಬೇರೆಯವರಿಗೆ ಬೇಸರ ಬರಬಹುದು, ನನಗೆ ಬರಲಿಲ್ಲ. ಯಾಕೆಂದರೆ ಇಂಥ ಬರವಣಿಗೆಯನ್ನು ನಾನು ಮೂವತ್ತೈದು ವರ್ಷ ಓದಿದ್ದೇನೆ, ಸ್ವಲ್ಪ ಬರೆದೂ ಇದ್ದೇನೆ. ಬ್ಯಾಂಕಿನವರು ಸಾಲ ಕೊಡುವುದಕ್ಕೆ ಮುಂಚೆ ಹಳ್ಳಿಗೆ ಹೋಗಿ ತಯಾರಿಸುವ ಇನ್‌ಸ್ಪೆಕ್ಷನ್ ರಿಪೋರ್ಟು ಹೀಗೇ ಇರುತ್ತದೆ. ಬಾವಿ ಒಂದು, ಪಂಪ್‌ಸೆಟ್ ಒಂದು, ಹಸು ಎರಡು, ಮಾವಿನ ಮರ ನಲವತ್ತು. ಮುಳಬಾಗಿಲಿನಲ್ಲೂ ಶ್ರೀನಿವಾಸಪುರದಲ್ಲೂ ಇದ್ದಾಗ ಇಂಥವು ಎಷ್ಟೋ ನನ್ನ ಮೇಜು ದಾಟಿ ಹೋಗಿವೆ. ರಿಪೋರ್ಟಿನಲ್ಲಿ ಹಸುವಿನ ಬೆಲೆ ಇರುತ್ತದೆ, ಹಸುವಿನ ಹೆಸರು ಇರುವುದಿಲ್ಲ.

ಬುಕಾನನ್ನರದು ಪ್ರಾಮಾಣಿಕವಾದ ರಿಪೋರ್ಟು, ಅದರಲ್ಲಿ ಸಂದೇಹವಿಲ್ಲ. ಇನ್ನೂರು ವರ್ಷದ ಹಿಂದೆ ನಮ್ಮ ಸೀಮೆಯ ರೈತ ಏನು ಬಿತ್ತುತ್ತಿದ್ದ ಎಂದು ತಿಳಿಯಬೇಕಾದರೆ ಇವತ್ತಿಗೂ ಆ ಪುಸ್ತಕವನ್ನೇ ತೆಗೆಯಬೇಕು. ಆದರೆ ಅದು ಯಾರಿಗಾಗಿ ಬರೆದದ್ದು ಎನ್ನುವುದನ್ನು ಮರೆತು ಓದಬಾರದು. ಕಂಪನಿ ಸರ್ಕಾರ ಒಂದು ರಾಜ್ಯವನ್ನು ಗೆದ್ದಿತ್ತು. ಗೆದ್ದದ್ದರಲ್ಲಿ ಏನೇನಿದೆ ಎಂದು ಪಟ್ಟಿ ಬೇಕಾಗಿತ್ತು.

ಪಟ್ಟಿಯಿಂದ ಏನಾಗುತ್ತದೆ ಎಂದು ಕೇಳುವವರು ನಮ್ಮ ಜಿಲ್ಲೆಯಲ್ಲಿ ದೂರ ಹೋಗಬೇಕಾಗಿಲ್ಲ. ಬುಕಾನನ್ ಬಂದು ಹೋಗಿ ಎರಡು ವರ್ಷಕ್ಕೆ, 1802ರಲ್ಲಿ, ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಸರ್ವೆ ಅಧಿಕಾರಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದರು. ಇಲ್ಲಿಯ ಮಣ್ಣಿನಲ್ಲಿ ಚಿನ್ನ ಸಿಗುತ್ತದಂತೆ ಎನ್ನುವ ಮಾತು ಅವರ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಹೇಳಿ ಕಳಿಸಿದರು. ಊರಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವರ ಕಣ್ಣೆದುರಿಗೇ ತೊಳೆದು, ತಳದಲ್ಲಿ ಉಳಿದ ಹೊಳೆಯುವ ಪುಡಿಯನ್ನು ತೋರಿಸಿದರು ಎಂದು ಹೇಳುತ್ತಾರೆ. ವಾರೆನ್ ಲೆಕ್ಕ ಹಾಕಿದರು: 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ.

ಈ ಲೆಕ್ಕವನ್ನು ಮಕ್ಕಳು ಮನೆಯಲ್ಲಿ ಮಾಡಿ ನೋಡಬೇಕು. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ಹಾಗಾದರೆ ಒಂದು ಗ್ರಾಂ ಚಿನ್ನಕ್ಕೆ ಸುಮಾರು 860 ಕಿಲೋ ಮಣ್ಣು ತೊಳೆಯಬೇಕು. ಅಜ್ಜಿಯ ಕೊರಳಲ್ಲಿ ಎಂಟು ಗ್ರಾಮಿನ ಒಂದು ಕಾಸು ಇದೆಯೆನ್ನಿ, ಅದಕ್ಕೆ ಹೆಚ್ಚುಕಡಿಮೆ ಏಳು ಟನ್ ಮಣ್ಣು. ಒಂದು ಲಾರಿ ಲೋಡು ಆಯಿತು. ಲೋಡು ಹೊತ್ತು, ನೀರು ಸುರಿದು, ಬಗ್ಗಿ ಕೂತು ತೊಳೆದವರ ಬೆನ್ನು ಏನಾಗಿರಬೇಕು!

ಬೇಸಿಗೆ ರಜೆಗೆ ಮಾಲೂರಿನಿಂದ ಬಂದಿದ್ದ ಮೊಮ್ಮಗಳಿಗೆ ಈ ಲೆಕ್ಕ ಕೊಟ್ಟೆ. ಆರನೇ ತರಗತಿ. ಲೆಕ್ಕ ಬೇಗ ಮುಗಿಸಿ ಪೆನ್ಸಿಲ್ ಕಚ್ಚುತ್ತಾ, "ತಾತ, ಮಣ್ಣು ತೊಳೆದವರ ಹೆಸರೇನು?" ಎಂದಳು.

ವಾರೆನ್ ಹೆಸರು ಉಳಿದಿದೆ. ಅವರು ಬರೆದಿಟ್ಟದ್ದನ್ನು ಸುಮಾರು ಎಪ್ಪತ್ತು ವರ್ಷ ಕಳೆದು, 1871ರಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಓದಿದ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದವನು. ನಾನು ಈಗ ಓದುವಂತೆ ಅವನೂ ಹೊತ್ತು ಕಳೆಯಲು ಓದುತ್ತಿದ್ದ ಅನಿಸುತ್ತದೆ, ಆದರೆ ಅವನು ಓದಿ ಸುಮ್ಮನೆ ಕೂರಲಿಲ್ಲ. ಅರವತ್ತು ಮೈಲಿ ಎತ್ತಿನ ಗಾಡಿಯಲ್ಲಿ ಬಂದು ನೆಲ ನೋಡಿದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಇಪ್ಪತ್ತು ವರ್ಷಕ್ಕೆ ಪರವಾನಗಿ ಪಡೆದ. ಕೈಯಲ್ಲಿ ಬಂಡವಾಳ ಸಾಲದೆ ಹಕ್ಕನ್ನು ಬೇರೆಯವರಿಗೆ ಕೊಟ್ಟ, 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಬಂತು, ಆಮೇಲಿನದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಲವೆಲ್ ಹೆಸರಿನ ರಸ್ತೆಯೇ ಇದೆ. ಒಂದು ಹಳೆಯ ಲೇಖನ ಓದಿದ್ದರಿಂದ ಒಂದು ಜಿಲ್ಲೆಯ ಹಣೆಬರಹ ಬದಲಾದ ಉದಾಹರಣೆ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈಗ ಉಳಿದಿರುವುದು ಸೈನೈಡ್ ದಿಬ್ಬಗಳು, ಗಾಳಿ ಬೀಸಿದರೆ ಮನೆಯೊಳಗೆ ಬರುವ ಬಿಳಿ ಧೂಳು. ಬ್ಯಾಂಕಿನ ಕೌಂಟರಿನ ಆಚೆ ನಿಂತು, ಸ್ಲಿಪ್ಪಿಗೆ ಸಹಿ ಹಾಕುವಷ್ಟರಲ್ಲಿ ಎರಡು ಸಲ ಕೆಮ್ಮಿ ಸುಧಾರಿಸಿಕೊಳ್ಳುತ್ತಿದ್ದ ಹಳೆಯ ಗಣಿ ಕಾರ್ಮಿಕರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಹೆಂಡತಿಯ ಸರ ಅಡ ಇಡಲು ಬರುತ್ತಿದ್ದರು. ಜೀವಮಾನವೆಲ್ಲ ಚಿನ್ನ ತೋಡಿದವರು ಎರಡು ಪವನ್ನಿನ ಮೇಲೆ ಸಾಲ ಕೇಳುವುದು ನೋಡಿದರೆ, ತಕ್ಕಡಿ ಹಿಡಿದ ಅಪ್ರೈಸರಿಗೂ ಒಂದು ಕ್ಷಣ ಮಾತು ಹೊರಡುತ್ತಿರಲಿಲ್ಲ.

ಮೊಮ್ಮಗಳ ಪ್ರಶ್ನೆಗೆ ಉತ್ತರ ಕೊಡಲು ನಾನು ಓದಿದ ಯಾವ ಬರಹದಲ್ಲೂ ಒಂದು ಹೆಸರಿಲ್ಲ. ಅಲ್ಲಿರುವುದು 'ಹಳ್ಳಿಯವರು' ಅಷ್ಟೆ.

ಮಾತು ಬದಲಾಯಿಸಲು ಅವಳಿಗೆ ಚಿನ್ನದ ಇರುವೆಗಳ ಕತೆ ಹೇಳಿದೆ. ಇದೂ ಪ್ರವಾಸಿಗನೇ ಬರೆದದ್ದು, ಸುಮಾರು 2,400 ವರ್ಷದ ಹಿಂದೆ. ಗ್ರೀಕ್ ದೇಶದ ಹೆರೊಡೋಟಸ್ ಊರೂರು ತಿರುಗಿ ಕೇಳಿದ್ದನ್ನೆಲ್ಲ ಬರೆದಿಟ್ಟವನು. ಭರತಖಂಡಕ್ಕೆ ಅವನು ಬಂದವನೇ ಅಲ್ಲ. ಆದರೂ ಬರೆಯುತ್ತಾನೆ: ಅಲ್ಲಿಯ ಮರಳುಗಾಡಿನಲ್ಲಿ ಇರುವೆಗಳಿವೆ, ನರಿಗಿಂತ ದೊಡ್ಡವು, ನಾಯಿಗಿಂತ ಚಿಕ್ಕವು. ಅವು ಬಿಲ ತೋಡುವಾಗ ಮೇಲೆ ಬರುವ ಮರಳೆಲ್ಲ ಚಿನ್ನ. ಅಲ್ಲಿಯ ಜನ ಒಂಟೆ ಕಟ್ಟಿಕೊಂಡು, ಸುಡು ಬಿಸಿಲಿನಲ್ಲಿ ಇರುವೆಗಳು ಬಿಲದೊಳಗಿರುವ ಹೊತ್ತು ನೋಡಿ ಹೋಗುತ್ತಾರೆ. ಚೀಲಕ್ಕೆ ತುಂಬಿಕೊಂಡು ಓಟ ಕೀಳುತ್ತಾರೆ. ಇರುವೆಗಳು ವಾಸನೆ ಹಿಡಿದು ಅಟ್ಟಿಸಿಕೊಂಡು ಬರುತ್ತವೆ. ಮರಿ ಬಿಟ್ಟು ಬಂದ ಹೆಣ್ಣೊಂಟೆ ಮರಿಯ ನೆನಪಿಗೆ ಎಲ್ಲಕ್ಕಿಂತ ಜೋರಾಗಿ ಓಡುತ್ತದೆಯಂತೆ.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಚಂದಮಾಮದ ಕತೆಗಳಿಗೇನೂ ಕಡಿಮೆಯಿಲ್ಲ. ಆದರೆ ನಗುವುದಕ್ಕೆ ಮುಂಚೆ ಮಹಾಭಾರತ ತೆಗೆದು ನೋಡಬೇಕು. ಸಭಾಪರ್ವದಲ್ಲಿ ಧರ್ಮರಾಯನ ರಾಜಸೂಯಕ್ಕೆ ಬಂದ ಕಾಣಿಕೆಗಳ ದೊಡ್ಡ ಪಟ್ಟಿಯಿದೆ. ಅದರಲ್ಲಿ ಉತ್ತರದ ಪರ್ವತದ ಕಡೆಯ ಜನ ತಂದದ್ದು ಪಿಪೀಲಿಕ ಎಂಬ ಹೆಸರಿನ ಚಿನ್ನ. ಪಿಪೀಲಿಕ ಅಂದರೆ ಇರುವೆ. ಇರುವೆ ತೋಡಿ ತೆಗೆದ ಚಿನ್ನವಾದ್ದರಿಂದ ಆ ಹೆಸರು. ಗ್ರೀಕನಿಗೂ ನಮ್ಮವರಿಗೂ ಒಂದೇ ಸುದ್ದಿ ಮುಟ್ಟಿತ್ತು ಅನ್ನಬೇಕು.

ಮಿಷೆಲ್ ಪೆಸೆಲ್ ಎಂಬ ಫ್ರೆಂಚ್ ಪ್ರವಾಸಿ ನಮ್ಮ ಕಾಲದಲ್ಲೇ ಇದರ ಬೆನ್ನು ಹತ್ತಿ ಹಿಮಾಲಯದ ಆಚೆ ಸಿಂಧೂ ನದಿಯ ಮೇಲ್ದಂಡೆಗೆ ಹೋದರು. ಅಲ್ಲಿ ಮಾರ್ಮಟ್ ಎಂಬ ಪ್ರಾಣಿಯಿದೆ. ಅಳಿಲಿನ ಜಾತಿ, ಗಾತ್ರ ದೊಡ್ಡ ಬೆಕ್ಕಿನಷ್ಟು. ಅದು ಬಿಲ ತೋಡಿ ಹೊರಹಾಕಿದ ಮಣ್ಣಿನಿಂದ ತಮ್ಮ ಹಿರಿಯರು ಚಿನ್ನದ ಪುಡಿ ಆರಿಸುತ್ತಿದ್ದರೆಂದು ಅಲ್ಲಿಯ ಜನ ಹೇಳಿದರಂತೆ. ಹೆರೊಡೋಟಸನಿಗೆ ತಲುಪುವಷ್ಟರಲ್ಲಿ ಮಾರ್ಮಟ್ ಇರುವೆಯಾಗಿರಬೇಕು ಎಂದು ಪೆಸೆಲ್ ಊಹೆ. ಬಾಯಿಂದ ಬಾಯಿಗೆ ಹೋಗುವಾಗ ಅಷ್ಟು ಬದಲಾವಣೆ ದೊಡ್ಡದಲ್ಲ. ನಮ್ಮ ಬೀದಿಯ ಸುದ್ದಿ ಮೂರನೇ ಮನೆಗೆ ಹೋಗುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಬದಲಾಗಿರುತ್ತದೆ.

ಇನ್ನೊಂದು ವಿಷಯ. ನೆಲದೊಳಗೆ ಏನಿದೆ ಎಂದು ಇರುವೆ, ಗೆದ್ದಲಿನ ಹತ್ತಿರ ಕೇಳುವುದು ಮೂಢನಂಬಿಕೆಯಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂದು ಹೇಳುವ ಒಂದು ಅಧ್ಯಾಯವೇ ಇದೆ. ಗೆದ್ದಲು ಆಳದಿಂದ ಮಣ್ಣು ಮೇಲೆ ತರುತ್ತದಾದ್ದರಿಂದ ಆಸ್ಟ್ರೇಲಿಯಾದ ವಿಜ್ಞಾನಿಗಳು ಹುತ್ತದ ಮಣ್ಣನ್ನು ಪರೀಕ್ಷಿಸಿ ಕೆಳಗೆ ಚಿನ್ನವಿದೆಯೇ ಎಂದು ನೋಡಿದ್ದಾರೆ. ಸಾವಿರ ಅಡಿಗೂ ಮೀರಿ ಬೋರ್‌ವೆಲ್ ಕೊರೆಸಿ ಬರೀ ಧೂಳು ಕಂಡ ನಮ್ಮ ರೈತರಿಗೆ ಯಾವ ಹುತ್ತ ದಾರಿ ತೋರಿಸುತ್ತದೋ ಅದು ಬೇರೆ ಮಾತು.

ಅಂತೂ ಪ್ರವಾಸ ಕಥನ ಯಾವುದು, ಅದ್ಭುತ ಕತೆ ಯಾವುದು ಎಂದು ಬೇರೆ ಬೇರೆ ಕಪಾಟಿನಲ್ಲಿ ಇಡುವುದು ನನಗೆ ಈಗ ಕಷ್ಟವಾಗಿದೆ. ಈ ಗೊಂದಲವನ್ನು ಬೇಕೆಂದೇ ಮಾಡಿ ಮಜಾ ತೆಗೆದುಕೊಂಡವನು ಜೊನಾಥನ್ ಸ್ವಿಫ್ಟ್. ಗಲಿವರನ ಪ್ರವಾಸಗಳನ್ನು 1726ರಲ್ಲಿ ಅಚ್ಚು ಹಾಕಿಸಿದಾಗ ಸ್ವಿಫ್ಟ್ ತನ್ನ ಹೆಸರನ್ನೇ ಹಾಕಲಿಲ್ಲ. ಲೆಮ್ಯುಯೆಲ್ ಗಲಿವರ್ ಎಂಬ ಹಡಗಿನ ಡಾಕ್ಟರು ಬರೆದ ನಿಜವಾದ ಪ್ರವಾಸ ಕಥನ ಎನ್ನುವಂತೆ, ನಕಾಶೆ, ತಾರೀಖು, ಅಕ್ಷಾಂಶ ಎಲ್ಲ ಕೊಟ್ಟು ಹೊರತಂದ. ಗಲಿವರ್ ಕೂಡ ಡಾಕ್ಟರು, ಬುಕಾನನ್ ಕೂಡ ಡಾಕ್ಟರು, ನೋಡಿ.

ಶಾಲೆಯ ಪಾಠದಲ್ಲಿ ಗಲಿವರನ ಕತೆ ಓದಿದವರಿಗೆ ಆರಂಗುಲದ ಮನುಷ್ಯರು ಅವನನ್ನು ದಾರದಲ್ಲಿ ಕಟ್ಟಿಹಾಕಿದ್ದು ನೆನಪಿರುತ್ತದೆ. ಅದರ ಮುಂದಿನ ಭಾಗವನ್ನು ಮೊಮ್ಮಗಳು ಓದಿ ಹೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಲಿಲಿಪುಟ್ಟಿನ ರಾಜ ಇಬ್ಬರು ಅಧಿಕಾರಿಗಳನ್ನು ಕಳಿಸಿ ಗಲಿವರನ ಜೇಬುಗಳನ್ನು ಶೋಧನೆ ಮಾಡಿಸುತ್ತಾನೆ. ಅವರು ಜೇಬಿನೊಳಗೆ ಇಳಿದು ಸಿಕ್ಕಿದ್ದನ್ನೆಲ್ಲ ಬರೆದು ಮಹಜರು ತಯಾರಿಸುತ್ತಾರೆ. ಕರವಸ್ತ್ರ ಅವರಿಗೆ ಅರಮನೆಯ ಹಜಾರಕ್ಕೆ ಹಾಸುವ ಜಮಖಾನ. ನಶ್ಯದ ಡಬ್ಬಿಯ ಪುಡಿ ಹಾರಿ ಸೀನು. ಗಡಿಯಾರ ಏನೆಂದೇ ತಿಳಿಯುವುದಿಲ್ಲ. ನೀರಿನ ಗಿರಣಿಯ ಹಾಗೆ ಬಿಡದೆ ಸದ್ದು ಮಾಡುತ್ತದೆ, ಇವನು ಅದನ್ನು ಕೇಳದೆ ಯಾವ ಕೆಲಸವನ್ನೂ ಮಾಡುವುದಿಲ್ಲವಂತೆ, ಬಹುಶಃ ಇದು ಇವನ ದೇವರಿರಬೇಕು ಎಂದು ಬರೆಯುತ್ತಾರೆ.

ಬಂದವನು ಊರವರ ಪಟ್ಟಿ ಮಾಡುವುದನ್ನು ಓದಿ ಓದಿ ಅಭ್ಯಾಸವಾಗಿದ್ದ ನನಗೆ, ಊರವರು ಬಂದವನ ಪಟ್ಟಿ ಮಾಡುವುದು ಹೊಸದಾಗಿ ಕಂಡಿತು. ಅಷ್ಟೂ ಸುಳ್ಳು ಕತೆ. ಆದರೆ ಬುಕಾನನ್ನರ ಮೂರು ಸಂಪುಟದಲ್ಲಿ ಇಲ್ಲದ್ದು ಅದರಲ್ಲಿದೆ. "ಬೇತಮಂಗಲದವರು ಬುಕಾನನ್ ಸಾಹೇಬರ ಜೇಬು ನೋಡಿದ್ದರೆ ಏನು ಬರೆಯುತ್ತಿದ್ದರು?" ಎಂದು ಮೊಮ್ಮಗಳನ್ನು ಕೇಳಿದೆ. ಎರಡು ದಿನ ಕೂತು ಬರೆದಳು. ಅವಳ ಕತೆಯ ಒಂದು ತುಣುಕನ್ನು ಇಲ್ಲಿ ಕೊಡುತ್ತೇನೆ, ಕಾಗುಣಿತ ಮಾತ್ರ ನಾನು ತಿದ್ದಿದ್ದು:

"ಮಹಜರು. ಊರಿಗೆ ಒಬ್ಬ ಕೆಂಪು ಮುಖದವನು ಬಂದಿದ್ದಾನೆ. ಬಿಸಿಲಿಗೆ ಕೆಂಪೋ ಹುಟ್ಟಿದ್ದೇ ಹಾಗೋ ತಿಳಿಯದು. ಜೇಬಿನಲ್ಲಿ ಒಣಗಿದ ಎಲೆಗಳು ಹನ್ನೊಂದು. ದನಕ್ಕೂ ತಿನ್ನಿಸುವುದಿಲ್ಲ, ಔಷಧಿಯನ್ನೂ ಅರೆಯುವುದಿಲ್ಲ, ಕಾಗದದ ಮಧ್ಯೆ ಮಲಗಿಸುತ್ತಾನೆ. ಸಿಕ್ಕವರನ್ನೆಲ್ಲ ರಾಗಿ ಎಷ್ಟು, ರಾಗಿ ಎಷ್ಟು ಎಂದು ಕೇಳುತ್ತಾನೆ. ಮುದ್ದೆ ಕೊಟ್ಟರೆ ಅಗಿಯುತ್ತಾನೆ, ನುಂಗಲು ಬಾರದು. ಪಾಪ, ಇವನಿಗೆ ತಾಯಿ ಕಲಿಸಿಲ್ಲ. ಇವನು ಬರೆಯುವ ಪುಸ್ತಕವೇ ಇವನ ದೇವರಿರಬಹುದು."

ನಮ್ಮ ಮನೆಯಾಕೆ ಇದನ್ನು ಕೇಳಿ, ಮುದ್ದೆಯ ಸಾಲನ್ನು ಎರಡು ಸಲ ಓದಿಸಿದರು.

ಆ ಹುಡುಗಿ ಮಾಡಿದ ಕೆಲಸವನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಮಾಲೂರಿನವರೇ ಒಬ್ಬರು ಶುರು ಮಾಡಿದ್ದರು. 1891ರಲ್ಲಿ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಮೊದಲ ಕತೆ 'ರಂಗನ ಮದುವೆ'ಯಲ್ಲಿ ಹೊಸಹಳ್ಳಿ ಎಂಬ ಊರಿನ ಸುದ್ದಿ ಹೇಳುತ್ತಾರೆ. ಇಂಗ್ಲಿಷ್ ಸಾಹೇಬರು ಬರೆದ ಭೂಗೋಳದಲ್ಲಿ ಆ ಊರಿಲ್ಲ, ಅವರ ಹಿಂದೆ ಕುರಿಗಳಂತೆ ನಡೆದ ನಮ್ಮವರ ಭೂಗೋಳದಲ್ಲೂ ಇಲ್ಲ ಎಂದು ಕತೆಗಾರ ಗೊಣಗುತ್ತಾನೆ. ಆಮೇಲೆ ಊರಿನ ಮಾವಿನ ಹುಳಿಯಿಂದ ಹಿಡಿದು ಒಂದೊಂದನ್ನೇ ವರ್ಣಿಸುತ್ತಾನೆ. ಸ್ವತಃ ಸರ್ಕಾರದ ದೊಡ್ಡ ಅಧಿಕಾರಿಯಾಗಿ ನೂರಾರು ರಿಪೋರ್ಟು ಬರೆದಿದ್ದ ಮಾಸ್ತಿಯವರಿಗೆ, ರಿಪೋರ್ಟಿನಲ್ಲಿ ಏನು ಬಿಟ್ಟುಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು ಎಂದು ನನ್ನ ಎಣಿಕೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು 'ಜ್ಞಾಪಕ ಚಿತ್ರಶಾಲೆ'ಯಲ್ಲಿ ದಿವಾನರ ಪಕ್ಕದಲ್ಲೇ ತಮ್ಮೂರಿನ ಸಾಮಾನ್ಯ ಜನರನ್ನೂ ಕೂರಿಸಿದ್ದಾರೆ. ಹೈಸ್ಕೂಲಿನ ಮಕ್ಕಳು ಆ ಭಾಗಗಳನ್ನಾದರೂ ಓದಬೇಕು. ಅಜ್ಜ ಅಜ್ಜಿಯರಿಗೆ ನಾನು ಹೇಳಬೇಕಾಗಿಲ್ಲ, ಓದಿಯೇ ಇರುತ್ತೀರಿ.

ಇಂಗ್ಲಿಷಿನವರಲ್ಲೂ ಎಲ್ಲರೂ ಒಂದೇ ಥರ ಅನ್ನಲಾಗದು. ಬಿ.ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಕಲಿತವರು. ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ, 1905ರದ್ದು, ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳು. ದನ ಬಿಡಿಸಲು ಹೋಗಿ ಸತ್ತ ವೀರನ ಹೆಸರು, ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿದಿದ್ದದ್ದನ್ನು ಪುಸ್ತಕಕ್ಕೆ ತಂದರು. ನಮ್ಮ ಹಿರಿಯರು ಹೆಸರಿಗೆ ಬೆಲೆ ಕೊಡಲಿಲ್ಲ ಅನ್ನುವವರಿಗೆ ಆ ಸಂಪುಟ ತೋರಿಸಬೇಕು.

ರಜೆ ಮುಗಿಯುವುದಕ್ಕೆ ಮುಂಚೆ ಮೊಮ್ಮಗಳನ್ನು ಮುಳಬಾಗಿಲು ತಾಲ್ಲೂಕಿನ ಆವನಿಗೆ ಕರೆದುಕೊಂಡು ಹೋದೆ. ಆವನಿ ವಾಲ್ಮೀಕಿಗಳ ಆಶ್ರಮವಿದ್ದ ಜಾಗ, ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ನಮ್ಮ ಸೀಮೆಯ ನಂಬಿಕೆ. ಗೆಜೆಟಿಯರಿನಲ್ಲಿ ಇದಕ್ಕೆ ಕೆಲವೇ ಸಾಲು. ಕೆಳಗೆ ರಾಮಲಿಂಗೇಶ್ವರನ ಗುಡಿಗಳ ಗುಂಪು, ಮೇಲೆ ಬೆಟ್ಟದಲ್ಲಿ ಸೀತಮ್ಮನ ಗುಡಿ. ನನ್ನ ಮೊಣಕಾಲು ಅರ್ಧ ದಾರಿಗೇ ಸಾಕೆಂದಿತು. ಅಲ್ಲಿ ಒಂದು ಬಂಡೆಯ ನೆರಳಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹುಡುಗಿಗೆ ಕತೆ ಹೇಳಿದರು. ಸೀತಮ್ಮ ಬಟ್ಟೆ ಒಗೆದದ್ದು ಎಲ್ಲಿ, ಮಕ್ಕಳು ಕುದುರೆ ಕಟ್ಟಿಹಾಕಿದ್ದು ಎಲ್ಲಿ ಎಂದು ಕೈ ಮಾಡಿ ತೋರಿಸಿದರು, ನಿನ್ನೆ ಮೊನ್ನೆ ಕಣ್ಣಾರೆ ಕಂಡವರ ಹಾಗೆ. ಮೊಮ್ಮಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೊನೆಗೆ ಗೆರೆ ಎಳೆದು 'ಹೇಳಿದವರು' ಎಂದು ಬರೆದು, "ಅಜ್ಜಿ, ನಿಮ್ಮ ಹೆಸರು?" ಎಂದಳು.

"ನಾ ಪೇರೆಂದುಕಮ್ಮಾ?" ಎಂದು ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹುಡುಗಿ ಪೆನ್ಸಿಲ್ ಎತ್ತಲಿಲ್ಲ, ಕಾಯುತ್ತಾ ನಿಂತಳು. ಆಮೇಲೆ ಹೇಳಿದರು. ಹೆಸರಿನ ಜೊತೆಗೆ ಊರನ್ನೂ ಅವರಾಗಿಯೇ ಸೇರಿಸಿ ಬರೆಸಿದರು.